ಬೋಲ್ಟಿನಡಿಯ ಬಣ್ಣ

ಕೀ ತಿರುಗಿಸಿದರೆ ‘ಟಕ್’ ಅಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದಳು. ಟಕ್. ಬಾಗಿಲು ತಟ್ಟಿದವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತ ಹಾಗೆ ಆ ಒಂದು ಸದ್ದು. ಇಂಜಿನ್ನು ಮಾತ್ರ ಮಿಸುಕಲಿಲ್ಲ.

ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ, ಪಕ್ಕದ ಸೀಟಿನಲ್ಲಿ ಹತ್ತು ಮನೆಗಳ ಪಟ್ಟಿ. ಆ ಹತ್ತೂ ಮನೆಗಳಲ್ಲಿ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಕಾಫಿಗೂ ಬಾಯಿ ಕಟ್ಟಿಕೊಂಡು ಕೂತ ಜನ. ಅವರ ರಕ್ತ ತೆಗೆದು, ಹೆಸರು ಬರೆದು, ಒಂಬತ್ತೂವರೆಯೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಹೋದ ಮನೆಗಳ ಮಕ್ಕಳು ಅವಳಿಗೆ ‘ಸೂಜಿ’ ಅಂತ ಹೆಸರಿಟ್ಟಿದ್ದರು. ಅದು ಹೇಗೋ ಲ್ಯಾಬಿನವರ ಕಿವಿಗೆ ಬಿದ್ದು ಅಲ್ಲೂ ಅದೇ ಗಟ್ಟಿಯಾಯಿತು. ಈಗ ಇನ್‌ಚಾರ್ಜ್ ಮೇಡಂ ಕೂಡ ‘ಸೂಜಿ ಎಲ್ಲಿ?’ ಅಂತಲೇ ಕೇಳುವುದು.

ಮೇಡಂ ಹೋದ ವಾರ ಕೇಳಿದ್ದು ಹಾಗಲ್ಲ. ‘ಎರಡು ಸಲ ಆಯ್ತು. ಮೂರನೇ ಸಲ ಲೇಟಾದ್ರೆ ನಿನ್ನ ಮನೆಗಳನ್ನ ಬೈಕಿನವನಿಗೆ ಕೊಡ್ತೀನಿ. ನೀನು ಹಿಂದಿನ ರೂಮಿಗೆ ವಾಪಸ್.’

ಹಿಂದಿನ ರೂಮು ಅಂದರೆ ಲ್ಯಾಬಿನ ಬೆನ್ನಿಗೆ ಅಂಟಿದ, ಕಿಟಕಿಯಿಲ್ಲದ ಎಂಟಡಿ ಕೋಣೆ. ಟ್ಯೂಬಿಗೆ ಚೀಟಿ ಅಂಟಿಸುವುದು, ಚೀಟಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹೊಡೆಯುವುದು, ಮತ್ತೆ ಟ್ಯೂಬು, ಮತ್ತೆ ಚೀಟಿ. ನಾಲ್ಕು ವರ್ಷ ಅಲ್ಲಿ ಕೂತಿದ್ದಳು. ಹೊರಗೆ ಬಿಸಿಲೋ ಮೋಡವೋ ಎಂಬುದು ಬಂದವರ ಬಟ್ಟೆ ನೋಡಿ ತಿಳಿಯಬೇಕಿತ್ತು. ಮನೆಮನೆಗೆ ಹೋಗುವ ಕೆಲಸ ಸಿಕ್ಕಿ ಏಳು ತಿಂಗಳಾಗಿತ್ತು, ಅದೂ ‘ಕಾರಿದೆ ಮೇಡಂ’ ಅಂದದ್ದಕ್ಕೆ.

ಕಾರು ಮಾವನದು. ಇಪ್ಪತ್ತೆರಡು ವರ್ಷ ಹಳೆಯದು. ಹೆಸರಿಗೆ ಹಳೆಯದೇ ಹೊರತು ನೋಡಿದರೆ ಅಂಗಡಿಯಿಂದ ನಿನ್ನೆ ಇಳಿಸಿದ ಹಾಗಿತ್ತು. ಯಾಕೆಂದರೆ ಮಾವ ನಲವತ್ತು ವರ್ಷ ಆಸ್ಪತ್ರೆ, ಆಫೀಸು, ಶಾಲೆಗಳಿಗೆ ಬಣ್ಣ ಹೊಡೆದವರು. ಜೊತೆಗಾರರು ಅವರನ್ನು ಕರೆಯುತ್ತಿದ್ದದ್ದೇ ‘ಮೂರು ಕೋಟು’ ಅಂತ. ಎರಡು ಕೋಟಿಗೆ ಕೈ ತೊಳೆದುಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ರಿಟೈರ್ ಆದರು, ಕುಂಚ ಆಗಲಿಲ್ಲ. ಮನೆಯ ಬಾಗಿಲು, ಗೇಟು, ಸ್ಟೂಲು, ನಲ್ಲಿಯ ಪೈಪು, ಸ್ವಿಚ್ ಬೋರ್ಡಿನ ಚೌಕಟ್ಟು ಎಲ್ಲಕ್ಕೂ ವರ್ಷಕ್ಕೊಂದು ಸಲ ಕೆನೆ ಬಣ್ಣ, ಮೂರು ಕೋಟು. ಕಿಟಕಿಗಳಿಗೂ ಅಷ್ಟೇ. ಮೇಲೆ ಮೇಲೆ ಬಳಿದು ಕೈಬಿಡುವ ಆಸಾಮಿಯಲ್ಲ ಅವರು. ರೆಕ್ಕೆಯ ಅಂಚು, ಚೌಕಟ್ಟಿನ ಒಳಗೆರೆ ಎಲ್ಲಕ್ಕೂ ಬಳಿದು ಬಳಿದು ಮರ ದಪ್ಪವಾಗಿ, ರೆಕ್ಕೆಗಳು ಚೌಕಟ್ಟಿಗೆ ಕಚ್ಚಿಕೊಂಡು ಯಾವುದೋ ಕಾಲವಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸೂಜಿ ಮಲಗುವ ಕೋಣೆಯ ಕಿಟಕಿಯನ್ನು ಎಳೆದಿದ್ದಳು. ಹಿಡಿಕೆ ಕೈಗೆ ಬಂತು, ಕಿಟಕಿ ಬರಲಿಲ್ಲ. ಮಾವ ಬೈಯಲಿಲ್ಲ. ಹಿಡಿಕೆಯನ್ನು ಮತ್ತೆ ಕೂರಿಸಿ, ಗೀರು ಬಿದ್ದ ಕಡೆ ಮೂರು ಕೋಟು ಹೊಡೆದರು. ಆ ಮನೆಯಲ್ಲಿ ಅವಳ ಕೈಗೆ ತೆರೆಯುತ್ತಿದ್ದ ಕಿಟಕಿ ಅಂದರೆ ಕಾರಿನದೊಂದೇ.

ಎರಡು ತಿಂಗಳ ಹಿಂದೆ ಬಾನೆಟ್ಟಿನ ಒಳಗೂ ಕೆನೆ ಬಣ್ಣ ಬಂದಿತ್ತು.

ಟಕ್.

ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ‘ಮತ್ತೆ ಹಠ ಹಿಡೀತಾ? ಇಳಿಯಮ್ಮ, ನಾನು ನೋಡ್ತೀನಿ.’

ಅವರು ಕೂತರು. ಭಾರಿ ಮೈ, ಕಾರು ಒಂದು ಕಡೆಗೆ ವಾಲಿತು. ಕೀ ತಿರುಗಿಸಿದರು. ಗರ್ರ್ ಅಂತ ಹತ್ತಿಕೊಂಡಿತು.

‘ಕೈಗುಣ ಬೇಕಮ್ಮಾ,’ ಅಂದರು. ಚುಚ್ಚಿ ಆಡಿದ ಮಾತಲ್ಲ, ನಿಜವಾಗಿ ನಂಬಿ ಆಡಿದ್ದು. ಅದೇ ಕಷ್ಟ.

*

ವೈರಣ್ಣ ಅಂದರೆ ಬಸ್ ಡಿಪೋ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವ ಸಣಕಲು ಮನುಷ್ಯ. ನಿಜವಾದ ಹೆಸರು ಅವನ ಹೆಂಡತಿಗೆ ಮಾತ್ರ ಗೊತ್ತಿದ್ದೀತು. ಸೂಜಿ ಕಾರನ್ನು ಅವನ ಹತ್ತಿರ ಒಯ್ಯುತ್ತಿದ್ದದ್ದು ಇದು ನಾಲ್ಕನೇ ಸಲ. ಮೊದಲ ಸಲ ಬ್ಯಾಟರಿಯ ಟರ್ಮಿನಲ್ ಉಜ್ಜಿ ಬಿಗಿಮಾಡಿದ. ಎರಡನೇ ಸಲ ಸ್ಟಾರ್ಟರ್ ಮೋಟರನ್ನೇ ಇಳಿಸಿ, ಬೆಂಚಿಗೆ ಕಟ್ಟಿ, ನೇರ ಕರೆಂಟು ಕೊಟ್ಟು ತೋರಿಸಿದ. ‘ನೋಡಕ್ಕಾ, ಗೂಳಿ ಗೂಳಿ! ಇದಕ್ಕೇನು ರೋಗ?’ ಆದರೂ ಒಳಗಿನ ಕಾರ್ಬನ್ ಬ್ರಶ್ಶುಗಳು ಸವೆದಿವೆ ಅಂತ ಬದಲಾಯಿಸಿದ. ಮೂರನೇ ಸಲ ಸೊಲೆನಾಯ್ಡ್ ಹೊಸದು ಹಾಕಿದ. ‘ಟಕ್ ಅನ್ನೋದು ಇದೇ, ಇನ್ನು ಅನ್ನಲ್ಲ’ ಅಂದ. ಮೂರನೇ ದಿನವೇ ಅಂದಿತು.

ಎಲ್ಲಕ್ಕಿಂತ ಮರ್ಯಾದೆ ತೆಗೆಯುತ್ತಿದ್ದದ್ದು ಅವನ ಶೆಡ್ಡಿನಲ್ಲಿ ಅದು ಒಂದು ಸಲವೂ ಕೆಡದೆ ಇರುವುದು. ಇವತ್ತೂ ವೈರಣ್ಣ ಇಪ್ಪತ್ತು ಸಲ ಕೀ ತಿರುಗಿಸಿದ. ಇಪ್ಪತ್ತು ಸಲವೂ ಮೊದಲ ಗುಟುಕಿಗೇ ಎದ್ದಿತು.

‘ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯ,’ ಅಂದ. ‘ಅಕ್ಕಾ, ಬೇಜಾರಾಗಬೇಡಿ, ನೀವು ಕ್ಲಚ್ಚು ಒತ್ತಿ, ಕೀ ಪೂರ್ತಿ ತಿರುಗಿಸ್ತೀರ ತಾನೆ?’

‘ದಿನಾ ಹತ್ತು ಜನರ ನರ ಹುಡುಕಿ ಚುಚ್ಚೋಳು ನಾನು. ಕೀ ತಿರುಗಿಸೋಕೆ ಬರಲ್ವಾ?’

‘ತಪ್ಪಾಯ್ತು ಬಿಡಿ.’

‘ಒಂದು ಹೇಳ್ತೀನಿ, ನಗಬೇಡ. ಅದು ಟಕ್ ಅಂದ ದಿನವೆಲ್ಲ ಆ್ಯಕ್ಸಿಲರೇಟರ್ ಬಿಗಿ. ಒತ್ತಿದರೆ ವಾಪಸ್ ಬರೋಕೆ ಅಳುತ್ತೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬೇರೆ.’

ವೈರಣ್ಣ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. ‘ಇದನ್ನ ಮೊದಲ ದಿನ ಯಾಕೆ ಹೇಳಲಿಲ್ಲ?’

‘ಸ್ಟಾರ್ಟರ್ ಬಗ್ಗೆ ಕೇಳಿದೆ, ಸ್ಟಾರ್ಟರ್ ಬಗ್ಗೆ ಹೇಳಿದೆ. ಕಾಲಿನ ಪೆಡಲ್ಲಿಗೂ ಅದಕ್ಕೂ ಏನು ಸಂಬಂಧ?’

ಅವನು ಬಾನೆಟ್ಟಿನೊಳಗೆ ತಲೆ ಹಾಕಿ ಆ್ಯಕ್ಸಿಲರೇಟರ್ ಕೇಬಲ್ಲಿನ ಹೊದಿಕೆಯನ್ನು ಬೆರಳಲ್ಲಿ ಸವರಿದ. ಒಂದು ಕಡೆ ಕರಗಿ ಗುಳ್ಳೆಯೆದ್ದಿತ್ತು. ಎದ್ದು ನಿಂತು ತನ್ನ ಹಣೆಗೆ ತಾನೇ ಹೊಡೆದುಕೊಂಡ.

‘ಅಕ್ಕಾ, ಕರೆಂಟಿಗೆ ಹೋಗೋಕೊಂದು ದಾರಿ ಇದ್ರೆ ಸಾಲದು, ವಾಪಸ್ ಬರೋಕೂ ಬೇಕು. ವಾಪಸ್ ದಾರಿ ಮುಚ್ಚಿದ್ರೆ ಮನೆ ಬಿಟ್ಟು ಹೊರಡೋದೇ ಇಲ್ಲ. ಇಂಜಿನ್ನಿಂದ ಗಾಡಿಯ ಮೈಗೆ ಒಂದು ಅರ್ತ್ ಪಟ್ಟಿ ಇರುತ್ತೆ, ಸ್ಟಾರ್ಟರಿನ ಕರೆಂಟೆಲ್ಲ ಅದರ ಮೇಲೇ ವಾಪಸ್ ಹೋಗಬೇಕು. ಅದು ಎಲ್ಲೋ ಕೈಕೊಡ್ತಿದೆ. ಆಗ ಪಾಪ ಕರೆಂಟು ಈ ಬಡಪಾಯಿ ಕೇಬಲ್ಲಿನ ಮೇಲೆ ನುಗ್ಗುತ್ತೆ. ಕೇಬಲ್ಲು ಸುಡುತ್ತೆ, ಮೋಟರು ತಿರುಗಲ್ಲ. ಲೈಟು, ಹಾರ್ನು ಎಲ್ಲ ಗಾಡಿಯ ಮೈಗೇ ಸೇರಿದ್ದು, ಅದಕ್ಕೇ ಅವು ಸರಿ.’

‘ಹಾಗಾದ್ರೆ ಹಾಕು ಹೊಸ ಪಟ್ಟಿ.’

‘ಪಟ್ಟಿ ಚೆನ್ನಾಗೇ ಇದೆ ನೋಡಿ, ಹೊಸ ಹಗ್ಗ ಇದ್ದಂಗಿದೆ. ಬೋಲ್ಟೂ ಬಿಗಿ. ಇಲ್ಲಿ ಮೀಟರ್ ಇಟ್ಟರೂ ಸರಿ ತೋರಿಸುತ್ತೆ. ಮೂರು ಸಲ ಕಣ್ಣಿಗೆ ಮಣ್ಣು ಬಿತ್ತು, ನಾಲ್ಕನೇ ಸಲ ಊಹೆ ಮೇಲೆ ಕೈ ಹಾಕಲ್ಲ. ಕೆಟ್ಟ ಹೊತ್ತಿನಲ್ಲೇ ಹಿಡೀಬೇಕು ಕಳ್ಳನ್ನ.’ ಒಂದು ದಪ್ಪ ಜಂಪರ್ ಕೇಬಲ್ ಎತ್ತಿ ಅವಳ ಕೈಗಿಟ್ಟ. ‘ಟಕ್ ಅಂದ ಕೂಡಲೇ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಎದ್ದರೆ ಅರ್ತೇ ಕಳ್ಳ. ಹೆದರಬೇಡಿ, ಮೈನಸ್ಸು ಏನೂ ಮಾಡಲ್ಲ. ಪ್ಲಸ್ಸಿಗೆ ಮಾತ್ರ ಕಚ್ಚಿಸಿದ್ರೆ ನನ್ನ ಹೆಸರು ಹೇಳಬೇಡಿ.’

*

ಎರಡು ದಿನ ಕಾರು ಸಂಭಾವಿತನ ಹಾಗೆ ಎದ್ದಿತು. ಮೂರನೇ ದಿನ ಟಕ್ ಅಂದಾಗ ಸೂಜಿಗೆ ಮೊದಲ ಬಾರಿಗೆ ಆ ಸದ್ದಿನಿಂದ ಖುಷಿಯಾಯಿತು.

ಬಾನೆಟ್ಟು ಎತ್ತಿದಳು. ಮೈನಸ್ಸಿಗೆ ಒಂದು, ಇಂಜಿನ್ನಿನ ಕೊಕ್ಕೆಗೆ ಇನ್ನೊಂದು. ಕೂತು ಕೀ ತಿರುಗಿಸಿದಳು. ಗರ್ರ್! ಕಳ್ಳ ಸಿಕ್ಕಿದ್ದ.

ಅಷ್ಟರಲ್ಲಿ ಮಾವ ಬಂದು ಪಕ್ಕದಲ್ಲಿ ನಿಂತಿದ್ದರು. ‘ನೋಡಿದ್ಯಾ, ನಾನು ಬಂದು ನಿಂತರೆ ಸಾಕು,’ ಅಂದರು. ಆಮೇಲೆ ಬಗ್ಗಿ, ‘ಆ ಇಕ್ಕಳ ಬಣ್ಣಕ್ಕೆ ತಾಗದ ಹಾಗೆ ತೆಗಿ’ ಅಂದರು.

ಸಂಜೆ ಕೆಲಸ ಮುಗಿಸಿ ಬಂದು ಪಾನಾ ಹಿಡಿದು ಅರ್ತ್ ಪಟ್ಟಿಯ ಬೋಲ್ಟು ಬಿಚ್ಚಿದಳು. ಪಟ್ಟಿಯ ಕಿವಿಯನ್ನು ಎತ್ತಿದರೆ, ಅಡಿಯಲ್ಲಿ ನುಣುಪಾದ, ಹೊಳೆಯುವ, ಒಂದು ಕೂದಲ ಗೀರೂ ಇಲ್ಲದ ಕೆನೆ ಬಣ್ಣ. ಕೇಕಿನ ಮೇಲಿನ ಕ್ರೀಮಿನ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಬೋಲ್ಟಿನ ಮೇಲೇ ಬಳಿದು ಮುಗಿಸುತ್ತಿದ್ದರು, ಗಾಡಿ ಇನ್ನು ಇಪ್ಪತ್ತು ವರ್ಷ ಓಡುತ್ತಿತ್ತು. ಇವರು ಬಿಚ್ಚಿ, ಅಡಿಗೆ ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದರು. ಬೋಲ್ಟಿನ ಥ್ರೆಡ್ಡು ಎಲ್ಲೋ ಒಂದಿಷ್ಟು ಬಣ್ಣ ಕೆರೆದುಕೊಂಡು ಲೋಹಕ್ಕೆ ತಾಗಿ ಅಷ್ಟು ದಿನ ಕೆಲಸ ನಡೆಸಿತ್ತು. ಮನೆ ಮುಂದಿನ ಜಾಗ ಇಳಿಜಾರು. ಇಂಜಿನ್ನು ಒಂದು ಕೂದಲೆಳೆ ವಾಲಿದರೆ ಆ ತಾಗುವಿಕೆ ತಪ್ಪುತ್ತಿತ್ತು. ವೈರಣ್ಣನ ಶೆಡ್ಡು ಸಮತಟ್ಟು. ಮಾವನ ಕೈಗುಣ ಅಂದರೆ ಮಾವನ ತೂಕ.

‘ಮಾವ, ಗಾಡಿ ಕೆಡ್ತಾ ಇದ್ದದ್ದು ಇದಕ್ಕೇ. ಇಲ್ಲಿ ಬಣ್ಣ ಇರಬಾರದಂತೆ.’

ಮಾವ ಕನ್ನಡಕ ಏರಿಸಿ ನೋಡಿದರು. ಅವರ ಮುಖ ಅರಳಿತು. ‘ನೋಡು ಹೇಗೆ ಕೂತಿದೆ! ಎರಡು ತಿಂಗಳಾಯ್ತು, ಬಿಸಿಗೂ ಎದ್ದಿಲ್ಲ.’

‘ಕರೆಂಟು ಹೋಗಲ್ಲ ಮಾವ, ಬಣ್ಣ ತಡೆಯುತ್ತೆ.’

‘ಬಣ್ಣ ಲೋಹ ಕಾಯುತ್ತಮ್ಮಾ, ಕೆಡಿಸಲ್ಲ. ನಲವತ್ತು ವರ್ಷದಲ್ಲಿ ನನ್ನ ಬಣ್ಣದಿಂದ ಒಂದು ವಸ್ತು ಕೆಟ್ಟಿದ್ದು ತೋರಿಸಿಬಿಡು. ಆ ವೈರಣ್ಣ ಮೂರು ಸಲ ಸುಳ್ಳು ಹೇಳಿದ, ನಾಲ್ಕನೇದು ನನ್ನ ತಲೆಗೆ ಕಟ್ಟಿದ. ಮುಚ್ಚು, ಮುಚ್ಚು.’

ಗಂಡ ಫ್ಯಾಕ್ಟರಿಯಿಂದ ಬಂದ ಮೇಲೆ ಅವನ ಮುಂದೆಯೂ ಇಟ್ಟಳು. ಅವನು ಶೂ ಬಿಚ್ಚುತ್ತಲೇ, ‘ಅಪ್ಪನಿಗೆ ಬಣ್ಣದ ವಿಷಯ ಹೇಳೋಕೆ ಹೋದ್ಯಾ? ಮೀನಿಗೆ ಈಜು ಕಲಿಸಿದ ಹಾಗೆ’ ಅಂದ.

‘ನೀವೊಂದು ಮಾತು ಹೇಳಿ ರೀ.’

‘ನಾನು ಹೇಳಿದ್ದನ್ನ ಅವರು ಯಾವತ್ತು ಕೇಳಿದಾರೆ? ನನ್ನ ಕೋಣೆ ಕಿಟಕಿ ನಾನು ಹತ್ತನೇ ಕ್ಲಾಸಿನಿಂದ ತೆಗೆದಿಲ್ಲ.’ ತಮಾಷೆ ಅಂತ ಅವನೇ ನಕ್ಕ.

ಮರುದಿನ ಮಾವ ಊಟ ಮಾಡಿ ಮಲಗಿದಾಗ ಮರಳು ಕಾಗದ ತಂದು ಆ ಜಾಗವನ್ನು ಉಜ್ಜಿದಳು. ರೂಪಾಯಿ ಬಿಲ್ಲೆಯಷ್ಟು ಅಗಲ, ಬೆಳ್ಳಗೆ ಲೋಹ ಕಾಣುವವರೆಗೆ. ಮೂರು ಕೋಟು ಸುಲಭಕ್ಕೆ ಬಿಡಲಿಲ್ಲ, ಉಗುರಿನ ಸಂದಿಗೆಲ್ಲ ಕೆನೆ ಪುಡಿ ಕೂತಿತು. ಪಟ್ಟಿ ಬಿಗಿದಳು. ಕೀ ತಿರುಗಿಸಿದಳು. ಒಂದೇ ಏಟಿಗೆ ಎದ್ದಿತು. ಹತ್ತು ಸಲ ತಿರುಗಿಸಿದಳು, ಹತ್ತೂ ಸಲ ಎದ್ದಿತು. ಜಂಪರ್ ಕೇಬಲ್ಲನ್ನು ವೈರಣ್ಣನಿಗೆ ವಾಪಸ್ ಕೊಟ್ಟುಬಂದಳು. ಅದೇ ಅವಳು ಮಾಡಿದ ತಪ್ಪು.

ಒಂಬತ್ತು ದಿನ ಕಾರು ಎದ್ದಿತು. ಒಂಬತ್ತು ದಿನ ಗಾಜು ಪೂರ್ತಿ ಇಳಿಸಿ ಓಡಿಸಿದಳು. ಮುಂಜಾನೆಯ ರಸ್ತೆ ಖಾಲಿ, ಬೇಕರಿಯ ಮುಂದೆ ಬಿಸಿ ಬ್ರೆಡ್ಡಿನ ವಾಸನೆ. ಎಡಗೈಯಲ್ಲಿ ಸ್ಟಿಯರಿಂಗ್, ಬಲಗೈ ಗಾಳಿಗೆ.

ಭಾನುವಾರ ಅವಳಿಗೆ ರಜೆ. ಅಂದು ತಲೆಗೆ ಸ್ನಾನ ಮಾಡಿ ಮಧ್ಯಾಹ್ನದವರೆಗೆ ಮಲಗಿದಳು. ಮಾವ ಕಾರು ಒರೆಸಿದರು.

ಸೋಮವಾರ, ಆರು ಗಂಟೆ ಐದು ನಿಮಿಷ. ಟಕ್.

ಬಾನೆಟ್ಟು ಎತ್ತುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಎಣ್ಣೆಬಣ್ಣದ ಹಸಿ ವಾಸನೆ ಮುಖಕ್ಕೆ ಬಡಿಯಿತು. ಪಟ್ಟಿಯ ಸುತ್ತ ಬೆಳಕು ಬಿದ್ದು ಹೊಳೆಯುತ್ತಿತ್ತು.

‘ಬರಿ ಲೋಹ ಬಿಟ್ಟಿದ್ಯಲ್ಲಮ್ಮಾ,’ ಮಾವ ಮೆಟ್ಟಿಲ ಮೇಲಿನಿಂದಲೇ ಅಂದರು. ‘ಒಂದು ಮಳೆಗಾಲದಲ್ಲಿ ತುಕ್ಕು ತಿಂದುಬಿಡುತ್ತೆ. ನಿನಗೆ ಯಾಕೆ ತೊಂದರೆ ಅಂತ ನಾನೇ ಬಿಚ್ಚಿ, ಅಡಿಗೂ ಹೊಡೆದೆ.’

‘ಮಾವ, ಪಾನಾ ಎಲ್ಲಿ?’

‘ತೊಳೆದು ಇಟ್ಟಿದ್ದೀನಿ. ಯಾವುದೋ ಡಬ್ಬಿಯಲ್ಲಿ…’

ಪಾನಾ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಹಸಿ ಬಣ್ಣ ಉಜ್ಜಿದರೆ ಮರಳು ಕಾಗದಕ್ಕೆ ಮೆತ್ತಿಕೊಂಡಿತೇ ಹೊರತು ಲೋಹ ಬಿಡಲಿಲ್ಲ. ಅಡುಗೆಮನೆಯ ಚಾಕು ತಂದು ಹೆರೆದಳು. ಕಾರು ಎದ್ದಾಗ ಏಳು ಹತ್ತು. ಮೊದಲ ಮನೆಯ ಸಕ್ಕರೆ ಕಾಯಿಲೆಯ ಮುದುಕ ಕಾದು ಕಾದು ತಲೆ ಸುತ್ತಿ, ಎರಡು ಬಿಸ್ಕತ್ತು ತಿಂದುಬಿಟ್ಟಿದ್ದ. ‘ಇವತ್ತು ಬೇಡ ಹೋಗಮ್ಮಾ,’ ಅಂದ. ಮೇಡಂಗೆ ಫೋನು ಮಾಡಿದವನೂ ಅವನೇ.

ಮೇಡಂ ಕೂಗಾಡಲಿಲ್ಲ. ‘ಮನೆಗಳ ಪಟ್ಟಿ ಕೊಟ್ಟುಬಿಡು ಸೂಜಿ,’ ಅಂದರು.

*

ಹಿಂದಿನ ರೂಮಿನಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಟ್ಯೂಬ್‌ಲೈಟು, ಅದೇ ಒಂದು ಕಾಲು ಕುಂಟುವ ಕುರ್ಚಿ. ಬೈಕಿನವನು ತಂದಿಟ್ಟ ಟ್ಯೂಬುಗಳಲ್ಲಿ ಅವಳ ಮನೆಗಳ ಹೆಸರುಗಳಿದ್ದವು. ಒಂದೊಂದಕ್ಕೂ ಚೀಟಿ ಅಂಟಿಸುವಾಗ ಆ ಮನೆಯ ಬಾಗಿಲು, ನಾಯಿ, ಆ ಕೈಯ ಅಡಗಿಕೊಳ್ಳುವ ನರ ನೆನಪಾಗುತ್ತಿತ್ತು.

ಮನೆಯಲ್ಲಿ ಮಾವ ಸಮಾಧಾನ ಹೇಳಿದರು. ‘ಒಳ್ಳೇದೇ ಆಯ್ತು ಬಿಡು. ನೆರಳಲ್ಲಿ ಕೂತು ಮಾಡೋ ಕೆಲಸ. ಈ ಬಿಸಿಲಲ್ಲಿ ಯಾಕೆ ಅಲೀಬೇಕು?’ ಗಂಡ ಇನ್ನೊಂದು ಸೌಟು ಸಾರು ಬಡಿಸಿಕೊಂಡ. ಮಾವನ ಮೇಲೆ ರೇಗಲು ಒಂದು ಕೆಟ್ಟ ಮಾತಾದರೂ ಸಿಗಲಿ ಅಂತ ಸೂಜಿ ಹುಡುಕಿದಳು. ಬೆಳಿಗ್ಗೆ ಎದ್ದು ಅವಳಿಗೆ ನೀರು ಕಾಯಿಸಿಡುವವರು ಅವರು. ಉಗುಳಲೂ ಆಗದ, ನುಂಗಲೂ ಆಗದ ತುತ್ತು.

ಒಂದು ವಾರಕ್ಕೆ ಬೈಕಿನವನ ಬಣ್ಣ ಬಯಲಾಯಿತು. ಮೂರು ಮನೆಗಳಲ್ಲಿ ನರ ಸಿಗದೆ ಎರಡೆರಡು ಕಡೆ ಚುಚ್ಚಿ ಕೈ ಊದಿಸಿದ್ದ. ‘ಸೂಜೀನೇ ಕಳಿಸಿ’ ಅಂತ ಮನೆಯವರು ಗಲಾಟೆ ಮಾಡಿದರು. ಮೇಡಂ ರೂಮಿನ ಬಾಗಿಲಿಗೆ ಬಂದು ನಿಂತರು. ‘ಸೋಮವಾರದಿಂದ ಮತ್ತೆ ಹೋಗು. ಇನ್ನೊಂದು ಸಲ ಲೇಟಾದ್ರೆ ಈ ರೂಮೂ ಇಲ್ಲ, ತಿಳ್ಕೋ.’

ಅಂದು ಸಂಜೆಯೇ ವೈರಣ್ಣನ ಶೆಡ್ಡು. ಕತೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಅವಳ ಮುಖ ನೋಡಿ ನಿಲ್ಲಿಸಿದ.

‘ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಲ್ವಾ?’

‘ಹಾವು ಒಳ್ಳೇದು ಕಣೋ. ಅದೇ ತೊಂದರೆ.’

ಅವನು ಕಾರಿನ ಅಡಿಗೆ ತೂರಿದ. ಬ್ಯಾಟರಿಯ ಮೈನಸ್ಸಿನಿಂದ ಹೊಸ ದಪ್ಪ ಕೇಬಲ್ಲೊಂದನ್ನು ಸಂದಿಯಲ್ಲಿ ಇಳಿಸಿ, ಕೆಳಗೆ ಇಂಜಿನ್ನಿಗೆ ಸೇರಿಕೊಂಡ ಗೇರ್‌ಬಾಕ್ಸಿನ ಬೋಲ್ಟಿಗೆ ಬಿಗಿದ. ಮೇಲಿನಿಂದ ಎಷ್ಟು ಇಣುಕಿದರೂ ಕಾಣುವ ಹಾಗಿರಲಿಲ್ಲ.

‘ಮೇಲಿನ ಪಟ್ಟಿ ಅಲ್ಲೇ ಇರಲಿ, ನೋಡೋಕೆ ಚಂದ,’ ಅಂದ, ಹೊರಗೆ ತೆವಳುತ್ತ. ‘ಅದರ ಅಡಿಗೆ ನಿಮ್ಮ ಮಾವ ಬೇಕಾದ್ರೆ ಮೂವತ್ತು ಕೋಟು ಹೊಡೀಲಿ.’

ಹೊಡೆದರು. ಚಾಕುವಿನ ಗಾಯ ಕಂಡ ಭಾನುವಾರವೇ ಬಿಚ್ಚಿ, ಉಜ್ಜಿ, ಮೊದಲಿನಿಂದ ಮೂರು ಕೋಟು. ಸೋಮವಾರ ಆರು ಗಂಟೆ ಐದು ನಿಮಿಷಕ್ಕೆ ಸೂಜಿ ಕೀ ತಿರುಗಿಸಿದಳು. ಗರ್ರ್. ಮಂಗಳವಾರ, ಬುಧವಾರ, ತಿಂಗಳಿಡೀ ಹಾಗೇ. ಹತ್ತು ಮನೆ, ಹತ್ತು ಕೈ. ಒಂಬತ್ತೂ ಕಾಲಿಗೆಲ್ಲ ಲ್ಯಾಬು.

ಮಾವ ದಿನಾ ಮೆಟ್ಟಿಲ ಮೇಲೆ ನಿಂತು ಆ ಸದ್ದು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದರು. ಒಂದು ಶನಿವಾರ ಹೋಗಲಿಲ್ಲ. ಕೆಳಗಿಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು.

‘ಈಗಲಾದ್ರೂ ಒಪ್ಕೋತೀಯಾ? ಆ ಜಾಗಕ್ಕೆ ಸರಿಯಾಗಿ ಬಣ್ಣ ಬಿದ್ದ ಮೇಲೆ ಒಂದು ದಿನ ಕೆಟ್ಟಿದೆಯಾ ಗಾಡಿ?’

‘ಇಲ್ಲ ಮಾವ,’ ಅಂದಳು ಸೂಜಿ. ಇಂಜಿನ್ನು ಓಡುತ್ತಿತ್ತು.

‘ಅದಕ್ಕೇ ಯೋಚನೆ ಮಾಡಿದೆ. ಮೇಲೆಲ್ಲ ಆಯ್ತು, ಅಡಿಭಾಗ ಹಾಗೇ ಉಳಿದುಬಿಟ್ಟಿದೆ. ಮಣ್ಣು, ತುಕ್ಕು, ಎಷ್ಟು ಬೋಲ್ಟುಗಳಿವೆಯೋ ಏನೋ. ನಾಳೆ ನಿನಗೆ ರಜೆ ತಾನೆ? ಒಂದೊಂದನ್ನೇ ಬಿಚ್ಚಿ ಹೊಡೆದುಬಿಡ್ತೀನಿ. ಪಕ್ಕದ ಮನೆಯವರ ಜ್ಯಾಕು ಇಸಕೊಂಡು ಬಂದಿದ್ದೀನಿ ನೋಡು.’

ಗೋಡೆಯ ಪಕ್ಕ ಜ್ಯಾಕಿತ್ತು. ಅದರ ಪಕ್ಕ ಹೊಸ ಡಬ್ಬಿ, ಹೊಸ ಕುಂಚ, ಮಡಿಸಿಟ್ಟ ಹಳೆ ಬೆಡ್‌ಶೀಟು. ಮಲಗಿ ಕೆಲಸ ಮಾಡಲು ಮಾವ ತಲೆದಿಂಬನ್ನೂ ಇಟ್ಟುಕೊಂಡಿದ್ದರು.

ಅಡಿಯಲ್ಲಿ ಕರಿ ಹೊದಿಕೆಯ ಹೊಸ ಕೇಬಲ್ಲು ಎದ್ದು ಕಾಣುತ್ತದೆ. ಯಾರು ಹಾಕಿದರು, ಯಾಕೆ ಹಾಕಿದರು ಅಂತ ಅವರು ಕೇಳುತ್ತಾರೆ. ಕೇಳದಿದ್ದರೆ ಇನ್ನೂ ಕಷ್ಟ, ಬಿಚ್ಚಿ ಅಡಿಗೆ ಹೊಡೆಯುತ್ತಾರೆ. ಹೇಳಬೇಕು, ಈಗಲೇ, ಜಗಳವಾದರೂ ಆಗಲಿ ಅಂತ ಸೂಜಿ ಬಾಯಿ ತೆರೆದಳು. ಮಾವ ಕಾಯುತ್ತಿದ್ದರು, ಶಭಾಷ್ ಅನ್ನಿಸಿಕೊಳ್ಳಲು ನಿಂತವರ ಹಾಗೆ. ಗಡಿಯಾರ ಆರು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. ಮೊದಲ ಮನೆಯ ಮುದುಕನ ಸಕ್ಕರೆ ಇಳಿಯುತ್ತಿತ್ತು.

ಇಂಜಿನ್ನು ಆರಿಸದೆ ಇಳಿದಳು. ಗೋಡೆಯ ಪಕ್ಕಕ್ಕೆ ಹೋಗಿ ಜ್ಯಾಕನ್ನು ಎರಡೂ ಕೈಯಲ್ಲಿ ಎತ್ತಿ ತಂದು ಡಿಕ್ಕಿಗೆ ಹಾಕಿದಳು. ಭಾರವಿತ್ತು.

‘ಅದನ್ನ ಯಾಕೆ ಒಯ್ತೀಯಮ್ಮಾ?’

‘ದಾರೀಲಿ ಪಂಚರ್ ಆದ್ರೆ ಬೇಕಲ್ಲ ಮಾವ.’

‘ಸರಿ, ಸಂಜೆ ತರ್ತೀಯಲ್ಲ?’

ಅವಳು ಗೇರು ಹಾಕಿದಳು. ಗೇಟು ದಾಟಿ, ತಿರುವು ದಾಟಿ, ಬೇಕರಿ ದಾಟಿದಳು. ಗಾಜು ಇಳಿಸಲು ಮರೆತಿದ್ದಳು. ಡಿಕ್ಕಿಯಲ್ಲಿ ಜ್ಯಾಕು ಪ್ರತಿ ಹಳ್ಳಕ್ಕೂ ಕುಲುಕುತ್ತಿತ್ತು, ಟಕ್, ಟಕ್. ಅವರ ಬೀದಿಯಲ್ಲಿ ಕಾರಿದ್ದ ಮನೆಗಳು ಇನ್ನೂ ಏಳು ಇದ್ದವು. ಏಳರಲ್ಲೂ ಜ್ಯಾಕಿತ್ತು.